ಮನಸ್ಸಿನ ತಕ್ಕಡಿಯ ಶೂನ್ಯದೋಷ

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಡೇನಿಯಲ್ ಬರ್ನೂಲಿಯ ಹೆಸರು ಹೊಸದಲ್ಲ. ಹರಿಯುವ ದ್ರವದ ವೇಗ ಹೆಚ್ಚಿದೆಡೆಯಲ್ಲಿ ಅದರ ಒತ್ತಡ ಕಡಮೆಯಾಗುತ್ತದೆಂಬ ತತ್ತ್ವವನ್ನು ನಾವು ಅವನ ಹೆಸರಿನಿಂದಲೇ ಕಲಿಯುತ್ತೇವೆ. ದ್ರವಗಳ ಚಲನೆಯನ್ನು ಕುರಿತ ಅವನ ಮಹಾಗ್ರಂಥ ಅಚ್ಚಾದದ್ದು 1738ರಲ್ಲಿ. ಅದೇ ವರ್ಷ ಸೇಂಟ್ ಪೀಟರ್ಸ್‌ಬರ್ಗ್ ನಗರದ ವಿಜ್ಞಾನ ಅಕಾಡೆಮಿಯ ಸಂಪುಟದಲ್ಲಿ ಅದೇ ಬರ್ನೂಲಿಯ ಇನ್ನೊಂದು ಚಿಕ್ಕ ಪ್ರಬಂಧವೂ ಪ್ರಕಟವಾಯಿತು. ಅದರ ವಿಷಯ ನೀರಲ್ಲ, ಗಾಳಿಯೂ ಅಲ್ಲ; ಲಾಭ ಬರುವುದೋ ಇಲ್ಲವೋ ಎಂಬುದು ಖಚಿತವಿಲ್ಲದಿರುವಾಗ ಮನುಷ್ಯನು ಅದರ ಬೆಲೆಯನ್ನು ಹೇಗೆ ಕಟ್ಟುತ್ತಾನೆ ಎಂಬುದು.

ಅರ್ಥಶಾಸ್ತ್ರವೆಂದೊಡನೆ ವಿಜ್ಞಾನದ ವಿದ್ಯಾರ್ಥಿಯ ಕಣ್ಣಮುಂದೆ ಬರುವುದು ಬ್ಯಾಂಕು, ಆಯವ್ಯಯದ ಅಂದಾಜು, ಬೆಲೆಗಳ ಪಟ್ಟಿ ಇವಿಷ್ಟೆ. ಅದು ತಮಗೆ ಸಂಬಂಧಪಡದ ಶಾಸ್ತ್ರವೆಂದು ಭಾವಿಸಿ ಅನೇಕರು ಅದರ ಕಡೆಗೆ ತಿರುಗುವುದೇ ಇಲ್ಲ. ಆದರೆ ಆ ಶಾಸ್ತ್ರದ ತಳಹದಿಯಲ್ಲಿ ಒಂದು ಸರಳವಾದ ಪ್ರಶ್ನೆಯುಂಟು: ಕೈಯಲ್ಲಿರುವುದು ಸ್ವಲ್ಪ, ಬೇಕಾದದ್ದು ಹಲವು ಎಂಬ ಸ್ಥಿತಿಯಲ್ಲಿ ಮನುಷ್ಯನು ಒಂದನ್ನು ಬಿಟ್ಟು ಇನ್ನೊಂದನ್ನು ಹೇಗೆ ಆರಿಸಿಕೊಳ್ಳುತ್ತಾನೆ? ಈ ಪ್ರಶ್ನೆಗೆ ಪ್ರಯೋಗಗಳ ಮೂಲಕ ಉತ್ತರವನ್ನು ಹುಡುಕುವ ಕೆಲಸ ಕಳೆದ ಏಳು ದಶಕಗಳಲ್ಲಿ ಬಹಳ ಮುಂದುವರಿದಿದೆ. ಆ ಪ್ರಯೋಗಗಳನ್ನು ಅರಿಯಲು ಉನ್ನತ ಗಣಿತ ಬೇಕಾಗಿಲ್ಲ. ಗುಣಾಕಾರ, ಶೇಕಡಾ ಲೆಕ್ಕ, ಜೊತೆಗೆ ನಾವು ಪ್ರಯೋಗಶಾಲೆಯಲ್ಲಿ ಮೊದಲ ವರ್ಷವೇ ಕಲಿಯುವ ಒಂದು ಪಾಠ, ಇಷ್ಟು ಸಾಕು. ಆ ಪಾಠ ಯಾವುದು, ಈ ವಿಷಯವನ್ನು ತಾನಾಗಿಯೇ ಓದಿ ತಿಳಿಯಬಯಸುವ ವಿದ್ಯಾರ್ಥಿ ಯಾವ ಕ್ರಮದಲ್ಲಿ ಓದಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನಾಣ್ಯದ ಆಟ

ಬರ್ನೂಲಿ ಎತ್ತಿಕೊಂಡ ಸಮಸ್ಯೆಯನ್ನು ಮೊದಲು ಸೂಚಿಸಿದವನು ಅವನ ದೊಡ್ಡಪ್ಪನ ಮಗ ನಿಕೊಲಾಸ್ ಬರ್ನೂಲಿ, 1713ರಲ್ಲಿ. ಅದು ಹೀಗಿದೆ: ಒಂದು ನಾಣ್ಯವನ್ನು ಚಿಮ್ಮಬೇಕು. ಮೊದಲನೆಯ ಸಲವೇ ತಲೆ ಮೇಲಾಗಿ ಬಿದ್ದರೆ ಆಟಗಾರನಿಗೆ 1 ಡ್ಯುಕಾಟ್ ಎಂಬ ಚಿನ್ನದ ನಾಣ್ಯ ಸಿಗುತ್ತದೆ. ಎರಡನೆಯ ಸಲ ಬಿದ್ದರೆ 2, ಮೂರನೆಯ ಸಲ ಬಿದ್ದರೆ 4, ನಾಲ್ಕನೆಯ ಸಲ ಬಿದ್ದರೆ 8, ಹೀಗೆ ಪ್ರತಿ ಸಲವೂ ಬಹುಮಾನ ಇಮ್ಮಡಿಯಾಗುತ್ತ ಹೋಗುತ್ತದೆ. ತಲೆ ಬಿದ್ದೊಡನೆ ಆಟ ಮುಗಿಯಿತು. ಈ ಆಟಕ್ಕೆ ಸೇರಲು ನಾವು ಎಷ್ಟು ಪ್ರವೇಶಧನವನ್ನು ಕೊಡಬಹುದು?

ಸಂಭಾವ್ಯತೆಯ ಲೆಕ್ಕವನ್ನು ಬಲ್ಲವರು ಸರಾಸರಿ ಗಳಿಕೆಯನ್ನು ಕಂಡುಹಿಡಿಯುತ್ತಾರೆ. ಮೊದಲನೆಯ ಸಲ ಗೆಲ್ಲುವ ಸಂಭಾವ್ಯತೆ ಅರ್ಧ, ಬಹುಮಾನ 1, ಗುಣಲಬ್ಧ ಅರ್ಧ. ಎರಡನೆಯದರ ಸಂಭಾವ್ಯತೆ ಕಾಲು, ಬಹುಮಾನ 2. ಗುಣಲಬ್ಧ ಮತ್ತೆ ಅರ್ಧ. ಮೂರನೆಯದು ಎಂಟರಲ್ಲಿ ಒಂದು, ಬಹುಮಾನ 4. ಗುಣಲಬ್ಧ ಪುನಃ ಅರ್ಧ. ಹೀಗೆ ಕೊನೆಯಿಲ್ಲದ ಅರ್ಧಗಳನ್ನು ಕೂಡಿಸುತ್ತ ಹೋದರೆ ಮೊತ್ತ ಅನಂತವಾಗುತ್ತದೆ. ಎಂದರೆ ಲೆಕ್ಕದ ಪ್ರಕಾರ ಮನೆಮಠಗಳನ್ನು ಮಾರಿಯಾದರೂ ಈ ಆಟಕ್ಕೆ ಸೇರಬೇಕು! ಆದರೆ ಬುದ್ಧಿವಂತನಾದ ಯಾವನೂ ಹಾಗೆ ಮಾಡಲಾರನು.

ಬರ್ನೂಲಿ ಇಲ್ಲಿ ತಪ್ಪಿರುವುದು ಮನುಷ್ಯನಲ್ಲಿ ಅಲ್ಲ, ಲೆಕ್ಕದಲ್ಲಿ ಎಂದನು. ಹಣದ ಮೊತ್ತ ಬೇರೆ, ಅದರಿಂದ ದೊರೆಯುವ ತೃಪ್ತಿ ಬೇರೆ. ಬಡವನಿಗೆ ನೂರು ರೂಪಾಯಿ ಕೊಡುವ ಸಂತೋಷವನ್ನು ಅದೇ ನೂರು ರೂಪಾಯಿ ಶ್ರೀಮಂತನಿಗೆ ಕೊಡದು. ಹೊಸದಾಗಿ ಬರುವ ಹಣದಿಂದಾಗುವ ತೃಪ್ತಿ ಆಗಲೇ ಇರುವ ಸಂಪತ್ತಿಗೆ ವಿಲೋಮ ಪ್ರಮಾಣದಲ್ಲಿರುತ್ತದೆಂದು ಅವನು ಭಾವಿಸಿದನು. ಕಲನಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಗಳು ಇದರಿಂದ ತೃಪ್ತಿಯು ಸಂಪತ್ತಿನ ಲಾಗರಿದಮ್ ಆಗುವುದೆಂದು ಕೂಡಲೆ ಗುರುತಿಸುವರು. ನೂರು ಇನ್ನೂರಾದಾಗ ಎಷ್ಟು ಸಂತೋಷವೋ, ಸಾವಿರ ಎರಡು ಸಾವಿರವಾದಾಗಲೂ ಅಷ್ಟೇ ಸಂತೋಷ. ಹೀಗೆ ಲೆಕ್ಕಹಾಕಿದರೆ ಆಟದ ಬೆಲೆ ಅನಂತದಿಂದ ಒಮ್ಮೆಗೆ ಕೆಳಗಿಳಿಯುತ್ತದೆ. ಏನೂ ಇಲ್ಲದವನಿಗೆ ಆ ಆಟ 2 ಡ್ಯುಕಾಟ್ ಬೆಲೆಯದು; ಹತ್ತು ಡ್ಯುಕಾಟ್ ಇರುವವನಿಗೆ ಸುಮಾರು 3, ಸಾವಿರ ಇರುವವನಿಗೆ ಸುಮಾರು 6. ಅರ್ಥಶಾಸ್ತ್ರದಲ್ಲಿ ಈ ತೃಪ್ತಿಯ ಅಳತೆಗೆ ತುಷ್ಟಿಗುಣವೆಂದು ಹೆಸರು.

ಆದರ್ಶ ಮಾನವ

ಬರ್ನೂಲಿಯ ಈ ಕಲ್ಪನೆ ಇನ್ನೂರು ವರ್ಷಗಳ ಅನಂತರ ಪೂರ್ಣವಾದ ಗಣಿತರೂಪವನ್ನು ಪಡೆಯಿತು. ಜಾನ್ ಫಾನ್ ನಾಯ್ಮನ್ ಎಂಬ ಗಣಿತಜ್ಞನೂ ಆಸ್ಕರ್ ಮಾರ್ಗನ್‌ಸ್ಟರ್ನ್ ಎಂಬ ಅರ್ಥಶಾಸ್ತ್ರಜ್ಞನೂ ಸೇರಿ 1944ರಲ್ಲಿ ಆಟಗಳ ಸಿದ್ಧಾಂತವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಮನುಷ್ಯನ ಆಯ್ಕೆಗಳು ಪರಸ್ಪರ ವಿರುದ್ಧವಾಗಿರದೆ ಕೆಲವೇ ನಿಯಮಗಳಿಗೆ ಒಳಪಟ್ಟಿದ್ದರೆ, ಅವನು ತುಷ್ಟಿಗುಣದ ಸರಾಸರಿಯನ್ನು ಗರಿಷ್ಠ ಮಾಡುತ್ತಿರುವನೆಂದೇ ತಿಳಿಯಬಹುದೆಂದು ಅವರು ಸಾಧಿಸಿದರು. ಹೀಗೆ ಎಲ್ಲವನ್ನೂ ತೂಗಿ, ಎಲ್ಲ ಸಂಭಾವ್ಯತೆಗಳನ್ನೂ ಗುಣಿಸಿ, ತನಗೆ ಹಿತವಾದದ್ದನ್ನೇ ಆರಿಸುವ ಒಬ್ಬ ಆದರ್ಶ ಮಾನವನು ಅರ್ಥಶಾಸ್ತ್ರದ ಪುಟಗಳಲ್ಲಿ ನೆಲೆಗೊಂಡನು.

ಇಂಥ ಮಾನವನನ್ನು ಯಾರೂ ಕಂಡಿಲ್ಲವಲ್ಲ ಎಂದು ನಗುವ ಮುನ್ನ ನಾವು ನಮ್ಮ ಶಾಸ್ತ್ರವನ್ನೂ ನೆನೆಯಬೇಕು. ಘರ್ಷಣೆಯಿಲ್ಲದ ಇಳಿಜಾರನ್ನಾಗಲಿ, ತೂಕವಿಲ್ಲದ ದಾರವನ್ನಾಗಲಿ ಯಾರು ಕಂಡಿದ್ದಾರೆ? ಆದರೂ ಅವುಗಳನ್ನು ಕಲ್ಪಿಸಿಕೊಂಡೇ ನಾವು ಚಲನೆಯ ನಿಯಮಗಳನ್ನು ಕಲಿಯುತ್ತೇವೆ. ಆದರ್ಶವನ್ನು ಕಲ್ಪಿಸುವುದು ತಪ್ಪಲ್ಲ. ನಿಜವಾದ ವಸ್ತು ಆದರ್ಶದಿಂದ ಎಷ್ಟು ಸರಿದಿದೆ, ಯಾವ ಕಡೆಗೆ ಸರಿದಿದೆ ಎಂಬುದನ್ನು ಅಳೆಯದೆ ಬಿಡುವುದು ತಪ್ಪು.

ಇಲ್ಲಿಯೇ ಪ್ರಯೋಗಶಾಲೆಯ ಆ ಪಾಠ ನಮಗೆ ನೆರವಾಗುವುದು. ಒಂದು ತಂತಿಯ ವ್ಯಾಸವನ್ನು ಸ್ಕ್ರೂಗೇಜಿನಿಂದ ಹತ್ತು ಸಲ ಅಳೆದರೆ ಹತ್ತು ಉತ್ತರಗಳೂ ಒಂದೇ ಆಗಿರುವುದಿಲ್ಲ. ಕೆಲವು ಸ್ವಲ್ಪ ಹೆಚ್ಚು, ಕೆಲವು ಸ್ವಲ್ಪ ಕಡಮೆ. ಇವು ಆಕಸ್ಮಿಕ ದೋಷಗಳು. ಸರಾಸರಿ ತೆಗೆದರೆ ಹೆಚ್ಚುಕಡಮೆಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ಆದರೆ ಉಪಕರಣದ ಎರಡು ತುದಿಗಳೂ ಕೂಡಿರುವಾಗಲೇ ಅದು ಸೊನ್ನೆಯನ್ನು ತೋರಿಸದೆ ಬೇರೊಂದು ಅಂಕವನ್ನು ತೋರಿಸುತ್ತಿದ್ದರೆ, ಹತ್ತು ಸಲವಲ್ಲ, ಸಾವಿರ ಸಲ ಅಳೆದರೂ ತಪ್ಪು ಉಳಿದೇ ಉಳಿಯುತ್ತದೆ. ಇದು ಶೂನ್ಯದೋಷ. ಸರಾಸರಿಯಿಂದ ಇದನ್ನು ಕಳೆಯಲಾಗದು. ಇದೆಯೆಂದು ತಿಳಿದು, ಎಷ್ಟೆಂದು ಅಳೆದು, ಲೆಕ್ಕದಲ್ಲಿ ತಿದ್ದಿಕೊಳ್ಳಬೇಕು.

ಮನುಷ್ಯರು ಲೆಕ್ಕದಲ್ಲಿ ತಪ್ಪುವುದನ್ನು ಹಿಂದಿನ ಅರ್ಥಶಾಸ್ತ್ರಜ್ಞರೂ ಬಲ್ಲವರೇ. ಆದರೆ ಒಬ್ಬನ ತಪ್ಪು ಹೆಚ್ಚಿನ ಕಡೆಗಾದರೆ ಮತ್ತೊಬ್ಬನದು ಕಡಮೆಯ ಕಡೆಗೆ. ಲಕ್ಷಾಂತರ ಜನ ಸೇರುವ ಪೇಟೆಯಲ್ಲಿ ಅವೆಲ್ಲ ಒಂದನ್ನೊಂದು ಅಳಿಸಿಹಾಕುತ್ತವೆಂದು ನಂಬಿದವರು ಅವರಲ್ಲಿ ಅನೇಕರು. ಎಂದರೆ ಮನಸ್ಸಿನ ತಪ್ಪುಗಳೆಲ್ಲ ಆಕಸ್ಮಿಕ ದೋಷಗಳೆಂದು ಅವರ ಎಣಿಕೆ. ಇದು ನಿಜವೆ? ಇದನ್ನು ನಿರ್ಣಯಿಸಲು ವಾದ ಸಾಲದು, ಪ್ರಯೋಗ ಬೇಕು.

ದೋಷಕ್ಕೆ ದಿಕ್ಕುಂಟು

ಇಸ್ರೇಲಿನ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬವರು 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಚಿಕ್ಕ ಪ್ರಯೋಗದ ವಿವರವಿದೆ. ಪ್ರೌಢಶಾಲೆಯ ವಿದ್ಯಾರ್ಥಿಗಳ ಒಂದು ಗುಂಪಿಗೆ ಕರಿಹಲಗೆಯ ಮೇಲೆ 8×7×6×5×4×3×2×1 ಎಂದು ಬರೆದು, ಐದು ಸೆಕೆಂಡುಗಳಲ್ಲಿ ಉತ್ತರವನ್ನು ಅಂದಾಜು ಮಾಡಲು ಹೇಳಿದರು. ಇನ್ನೊಂದು ಗುಂಪಿಗೆ ಅದನ್ನೇ ತಿರುಗಿಸಿ 1×2×3×4×5×6×7×8 ಎಂದು ಬರೆದರು. ಎರಡರ ಗುಣಲಬ್ಧವೂ ಒಂದೇ ಎಂಬುದು ಸ್ಪಷ್ಟ. ಆದರೆ ಮೊದಲನೆಯ ಗುಂಪಿನ ಉತ್ತರಗಳ ಮಧ್ಯಬೆಲೆ 2250. ಎರಡನೆಯ ಗುಂಪಿನದು 512. ಸರಿಯಾದ ಉತ್ತರವೋ, 40,320!

ಈ ಅಂಕಗಳನ್ನು ನಿಧಾನವಾಗಿ ನೋಡಬೇಕು. ತಪ್ಪುಗಳು ಆಕಸ್ಮಿಕವಾಗಿದ್ದರೆ ಉತ್ತರಗಳು 40,320ರ ಎರಡು ಕಡೆಗೂ ಹರಡಿಕೊಂಡಿರಬೇಕಾಗಿತ್ತು. ಹಾಗಾಗದೆ ಎರಡು ಗುಂಪುಗಳೂ ಬಹಳ ಕೆಳಗೇ ನಿಂತಿವೆ. ಇದಲ್ಲದೆ ಚಿಕ್ಕ ಅಂಕಗಳಿಂದ ಪ್ರಾರಂಭಿಸಿದವರು ಇನ್ನೂ ಕೆಳಗೆ ನಿಂತಿದ್ದಾರೆ. ಐದು ಸೆಕೆಂಡುಗಳಲ್ಲಿ ಮೊದಲ ಕೆಲವು ಅಂಕಗಳನ್ನಷ್ಟೇ ಗುಣಿಸಲು ಸಾಧ್ಯ. ಮನಸ್ಸು ಆ ಮೊದಲ ಅಂಕಕ್ಕೆ ಲಂಗರು ಹಾಕಿಕೊಂಡು, ಅಲ್ಲಿಂದ ಮುಂದಕ್ಕೆ ಸಾಕಷ್ಟು ಚಲಿಸದೆ ನಿಂತುಬಿಡುತ್ತದೆ. ಈ ಪ್ರಯೋಗಕ್ಕೆ ಸೀಮೆಸುಣ್ಣ ಬಿಟ್ಟರೆ ಬೇರೆ ಸಾಮಗ್ರಿ ಬೇಡ. ವಿದ್ಯಾರ್ಥಿಗಳು ತಮ್ಮ ಶಾಲೆಯ ಎರಡು ತರಗತಿಗಳಲ್ಲಿ ಇದನ್ನು ತಾವೇ ಮಾಡಿ, ಉತ್ತರಗಳನ್ನು ಏರಿಕೆಯ ಕ್ರಮದಲ್ಲಿ ಬರೆದು, ನಡುವಿನದನ್ನು ಗುರುತಿಸಬಹುದು.

ಗಳಿಕೆಯ ತೂಕ, ನಷ್ಟದ ತೂಕ

ಅದೇ ಇಬ್ಬರು ವಿದ್ವಾಂಸರು 1979ರಲ್ಲಿ ‘ಇಕಾನೊಮೆಟ್ರಿಕ’ ಎಂಬ ಪತ್ರಿಕೆಯಲ್ಲಿ ಇನ್ನೂ ಮುಖ್ಯವಾದ ಪ್ರಯೋಗಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇವೆ. ಮುಂದೆ ಓದುವ ಮುನ್ನ ವಾಚಕರು ತಮ್ಮ ಉತ್ತರವನ್ನು ಕಾಗದದ ಮೇಲೆ ಗುರುತುಹಾಕಿಕೊಳ್ಳುವುದು ಒಳ್ಳೆಯದು.

ಮೊದಲನೆಯ ಪ್ರಶ್ನೆ: 3000 ಪೌಂಡುಗಳು ಖಂಡಿತವಾಗಿ ಬೇಕೆ, ಅಥವಾ ನೂರಕ್ಕೆ 80 ಸಂಭಾವ್ಯತೆಯಲ್ಲಿ 4000 ಪೌಂಡುಗಳು ಬೇಕೆ? ಇವು ಇಸ್ರೇಲಿನ ಪೌಂಡುಗಳು. ಆ ಕಾಲದಲ್ಲಿ ಅಲ್ಲಿನ ಒಂದು ಸಾಧಾರಣ ಕುಟುಂಬದ ತಿಂಗಳ ವರಮಾನ ಸುಮಾರು 3000. ಎರಡನೆಯದರ ಸರಾಸರಿ ಬೆಲೆ 3200. ಆದರೂ ಕೇಳಲ್ಪಟ್ಟ 95 ಮಂದಿಯಲ್ಲಿ ಶೇಕಡಾ 80ರಷ್ಟು ಜನ ಖಂಡಿತವಾದ 3000ವನ್ನೇ ಆರಿಸಿದರು.

ಎರಡನೆಯ ಪ್ರಶ್ನೆ: 4000 ದೊರೆಯುವ ಸಂಭಾವ್ಯತೆ ನೂರಕ್ಕೆ 20, 3000 ದೊರೆಯುವ ಸಂಭಾವ್ಯತೆ ನೂರಕ್ಕೆ 25. ಯಾವುದು ಬೇಕು? ಇಲ್ಲಿ ಶೇಕಡಾ 65 ಮಂದಿ 4000ದ ಕಡೆಗೆ ತಿರುಗಿದರು. ಗಮನಿಸಿ: ಮೊದಲನೆಯ ಪ್ರಶ್ನೆಯ ಎರಡು ಸಂಭಾವ್ಯತೆಗಳನ್ನೂ ನಾಲ್ಕರಿಂದ ಭಾಗಿಸಿದರೆ ಸಿಗುವುದೇ ಎರಡನೆಯ ಪ್ರಶ್ನೆ. ತಕ್ಕಡಿಯ ಎರಡು ತಟ್ಟೆಗಳಲ್ಲಿರುವ ತೂಕಗಳನ್ನೂ ಕಾಲುಭಾಗ ಮಾಡಿದರೆ ವಾಲಿದ ದಂಡ ಇನ್ನೊಂದು ಕಡೆಗೆ ವಾಲಬಹುದೆ? ನಮ್ಮ ಮನಸ್ಸಿನ ತಕ್ಕಡಿಯಲ್ಲಿ ಹಾಗಾಗುತ್ತದೆ. ಖಂಡಿತವೆಂಬುದಕ್ಕೆ ನಾವು ಲೆಕ್ಕವನ್ನು ಮೀರಿದ ಬೆಲೆಯನ್ನು ಕೊಡುತ್ತೇವೆ. ಈ ಬಗೆಯ ವಿರೋಧವನ್ನು 1953ರಲ್ಲೇ ಮೋರಿಸ್ ಅಲೆ ಎಂಬ ಫ್ರೆಂಚ್ ವಿದ್ವಾಂಸನು ತೋರಿಸಿದ್ದನು. ಎಂಜಿನಿಯರಾಗಿ ತರಬೇತು ಪಡೆದು, ಲೋಲಕಗಳ ಮೇಲೂ ಪ್ರಯೋಗ ನಡೆಸಿದ ಈತನಿಗೆ 1988ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಮೂರನೆಯ ಪ್ರಶ್ನೆ: ಖಂಡಿತವಾಗಿ 3000 ಕಳೆದುಕೊಳ್ಳುವಿರಾ, ಅಥವಾ ನೂರಕ್ಕೆ 80 ಸಂಭಾವ್ಯತೆಯಲ್ಲಿ 4000 ಕಳೆದುಕೊಳ್ಳುವಿರಾ? ಲಾಭದಲ್ಲಿ ಅಷ್ಟು ಎಚ್ಚರಿಕೆಯಿಂದಿದ್ದ ಜನ ಇಲ್ಲಿ ಸಾಹಸಿಗಳಾದರು: ಶೇಕಡಾ 92 ಮಂದಿ ಜೂಜನ್ನೇ ಆರಿಸಿದರು. ಜೂಜಿನ ಸರಾಸರಿ ನಷ್ಟ 3200 ಎಂಬುದು ಅವರನ್ನು ತಡೆಯಲಿಲ್ಲ. ಸಾಲದಲ್ಲಿ ಬಿದ್ದವನು ಕಳೆದುದನ್ನು ಒಂದೇ ಪಣದಲ್ಲಿ ಹಿಂದಕ್ಕೆ ಪಡೆಯಲು ಹೋಗಿ ಇನ್ನೂ ಆಳಕ್ಕೆ ಇಳಿಯುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಸ್ವಭಾವದ ಅಳತೆ ಇಲ್ಲಿದೆ.

ಇವುಗಳಿಂದ ಆ ವಿದ್ವಾಂಸರು ಮಾಡಿದ ನಿರ್ಣಯವೇನು? ವೋಲ್ಟ್‌ಮೀಟರು ಒಂದು ಬಿಂದುವಿನ ವಿಭವವನ್ನು ತೋರಿಸುವುದಿಲ್ಲ, ಎರಡು ಬಿಂದುಗಳ ನಡುವಣ ವಿಭವಾಂತರವನ್ನು ತೋರಿಸುತ್ತದೆ. ಹಾಗೆಯೇ ಮನಸ್ಸು ಒಟ್ಟು ಸಂಪತ್ತನ್ನು ಅಳೆಯುವುದಿಲ್ಲ. ತಾನು ಸೊನ್ನೆಯೆಂದು ಇಟ್ಟುಕೊಂಡ ಒಂದು ಮಟ್ಟದಿಂದ ಮೇಲಕ್ಕೆ ಹೋದೆನೆ, ಕೆಳಕ್ಕೆ ಇಳಿದೆನೆ ಎಂಬುದನ್ನು ಅಳೆಯುತ್ತದೆ. ಬರ್ನೂಲಿಯ ಸೂತ್ರದಲ್ಲಿ ಇಲ್ಲದಿದ್ದುದು ಈ ಸೊನ್ನೆಯ ಮಟ್ಟ. ಇದಲ್ಲದೆ ಕೆಳಮುಖದ ಅಳತೆಗೋಲು ಮೇಲ್ಮುಖದ್ದಕ್ಕಿಂತ ಉದ್ದವಾದುದು: 1992ರ ಅವರ ಅಂದಾಜಿನಂತೆ ನಷ್ಟದ ನೋವು ಅಷ್ಟೇ ಲಾಭದ ಸುಖಕ್ಕಿಂತ ಸುಮಾರು ಎರಡೂಕಾಲು ಪಟ್ಟು ಭಾರ. ಸುಖಕ್ಕಿಂತ ದುಃಖವೇ ತೀಕ್ಷ್ಣವೆಂಬ ಮಾತನ್ನು ಆಡಮ್ ಸ್ಮಿತ್ 1759ರ ತನ್ನ ನೀತಿಗ್ರಂಥದಲ್ಲಿಯೇ ಆಡಿದ್ದನು. ಅದು ಅಂಕಗಳ ರೂಪವನ್ನು ತಾಳಲು ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು.

ಸೊನ್ನೆಯ ಮಟ್ಟವನ್ನು ಬರಿಯ ಮಾತಿನಿಂದಲೇ ಸರಿಸಬಹುದೆಂಬುದು ಇನ್ನೂ ಆಶ್ಚರ್ಯಕರ. 1981ರ ಒಂದು ಪ್ರಯೋಗದಲ್ಲಿ, 600 ಜನರನ್ನು ಬಲಿತೆಗೆದುಕೊಳ್ಳಬಹುದಾದ ಸಾಂಕ್ರಾಮಿಕ ರೋಗಕ್ಕೆ ಎರಡು ಉಪಾಯಗಳಿವೆಯೆಂದು ಹೇಳಲಾಯಿತು. ಮೊದಲನೆಯದರಿಂದ 200 ಮಂದಿ ಉಳಿಯುತ್ತಾರೆ. ಎರಡನೆಯದರಿಂದ ಮೂರರಲ್ಲೊಂದು ಸಂಭಾವ್ಯತೆಯಲ್ಲಿ ಎಲ್ಲರೂ ಉಳಿಯುತ್ತಾರೆ, ಇಲ್ಲವಾದರೆ ಯಾರೂ ಉಳಿಯುವುದಿಲ್ಲ. ಶೇಕಡಾ 72 ಮಂದಿ ಮೊದಲನೆಯದನ್ನು ಆರಿಸಿದರು. ಬೇರೊಂದು ಗುಂಪಿಗೆ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು: ಮೊದಲನೆಯದರಿಂದ 400 ಮಂದಿ ಸಾಯುತ್ತಾರೆ, ಎರಡನೆಯದರಿಂದ ಮೂರರಲ್ಲೊಂದು ಸಂಭಾವ್ಯತೆಯಲ್ಲಿ ಯಾರೂ ಸಾಯುವುದಿಲ್ಲ, ಮೂರರಲ್ಲೆರಡು ಸಂಭಾವ್ಯತೆಯಲ್ಲಿ 600 ಮಂದಿಯೂ ಸಾಯುತ್ತಾರೆ. ಈಗ ಶೇಕಡಾ 78 ಮಂದಿ ಎರಡನೆಯದನ್ನು ಆರಿಸಿದರು. 200 ಉಳಿಯುವುದೂ 400 ಸಾಯುವುದೂ ಒಂದೇ ಘಟನೆಯಲ್ಲವೆ? ಅಂಕಗಳು ಬದಲಾಗಲಿಲ್ಲ, ಮಾತು ಬದಲಾಯಿತು. ಮಾತಿನೊಡನೆ ತೀರ್ಮಾನವೂ ತಿರುಗಿತು.

ಬಟ್ಟಲುಗಳ ಪೇಟೆ

ಇದೆಲ್ಲ ಕಾಗದದ ಮೇಲಿನ ಪ್ರಶ್ನೆ, ನಿಜವಾದ ವಸ್ತು ಕೈಸೇರಿದಾಗ ಮನುಷ್ಯ ಹೀಗೆ ಮಾಡನು ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಉತ್ತರವಾಗಿ ಕಾನೆಮನ್, ಜ್ಯಾಕ್ ಕ್ನೆಚ್, ರಿಚರ್ಡ್ ಥೇಲರ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ 44 ವಿದ್ಯಾರ್ಥಿಗಳಲ್ಲಿ ಅರ್ಧ ಜನರಿಗೆ, ಚೀಟಿ ಎತ್ತಿದಂತೆ ಯಾವ ಭೇದವೂ ಇಲ್ಲದೆ, ಒಂದೊಂದು ಕಾಫಿ ಬಟ್ಟಲನ್ನು ಕೊಟ್ಟರು. ಇದ್ದವರು ಮಾರಬಹುದು, ಇಲ್ಲದವರು ಕೊಳ್ಳಬಹುದು. ಬಟ್ಟಲನ್ನು ಹೆಚ್ಚಾಗಿ ಮೆಚ್ಚುವವರು ಎರಡು ಗುಂಪುಗಳಲ್ಲೂ ಸಮವಾಗಿ ಹಂಚಿಹೋಗಿರಬೇಕಾದುದರಿಂದ, 22 ಬಟ್ಟಲುಗಳಲ್ಲಿ ಸುಮಾರು 11 ಕೈಬದಲಾಗಬೇಕೆಂಬುದು ಸಿದ್ಧಾಂತ.

ಒಳ್ಳೆಯ ಪ್ರಯೋಗಕಾರರಂತೆ ಅವರು ಮೊದಲು ತಮ್ಮ ಉಪಕರಣವನ್ನು ಪರೀಕ್ಷಿಸಿಕೊಂಡರು. ಇಂತಿಷ್ಟು ಹಣಕ್ಕೆ ಸಮವೆಂದು ಮೊದಲೇ ಗೊತ್ತುಮಾಡಿದ ಬಿಲ್ಲೆಗಳನ್ನು ಹಂಚಿ ಪೇಟೆ ನಡೆಸಿದಾಗ ವ್ಯಾಪಾರ ಸಿದ್ಧಾಂತಕ್ಕೆ ತಕ್ಕಂತೆಯೇ ನಡೆಯಿತು. ಆದರೆ ಬಟ್ಟಲುಗಳನ್ನಿಟ್ಟಾಗ ನಾಲ್ಕು ಸುತ್ತುಗಳಲ್ಲಿ ಒಂದರಿಂದ ನಾಲ್ಕು ಬಟ್ಟಲುಗಳು ಮಾತ್ರ ಕೈಬದಲಾದವು. ಮಾರುವವರು ಕೇಳಿದ ಬೆಲೆಯ ಮಧ್ಯಮಾನ ಐದೂಕಾಲು ಡಾಲರು. ಕೊಳ್ಳುವವರು ಹೇಳಿದ್ದು ಎರಡೂಕಾಲರಿಂದ ಎರಡೂಮುಕ್ಕಾಲು. ಕೆಲವೇ ನಿಮಿಷಗಳ ಹಿಂದೆ ಕೈಸೇರಿದ ಬಟ್ಟಲು ಆಗಲೇ ‘ನನ್ನದು’ ಆಗಿಹೋಗಿತ್ತು. ಅದನ್ನು ಕೊಡುವುದು ನಷ್ಟ. ನಷ್ಟದ ತೂಕ ಇಮ್ಮಡಿ.

ಮನುಷ್ಯನು ಮೂಢನೆ?

ಇಷ್ಟನ್ನು ಓದಿ, ಮನುಷ್ಯನು ಬುದ್ಧಿಯಿಲ್ಲದವನೆಂದು ತೀರ್ಮಾನಿಸುವುದು ಸರಿಯಲ್ಲ. ಅಮೆರಿಕದ ಹರ್ಬರ್ಟ್ ಸೈಮನ್ 1955ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದಕ್ಕೆ ಸಮಾಧಾನವುಂಟು. ನಮಗಿರುವ ಕಾಲ, ಮಾಹಿತಿ, ಲೆಕ್ಕಹಾಕುವ ಶಕ್ತಿ ಮೂರೂ ಮಿತವಾದುವು. ಇರುವ ಆಯ್ಕೆಗಳನ್ನೆಲ್ಲ ತೂಗಿ ಅತ್ಯುತ್ತಮವಾದುದನ್ನೇ ಹುಡುಕಹೊರಟರೆ ಜೀವನವೇ ಸಾಲದು. ಆದುದರಿಂದ ಮನುಷ್ಯನು ಸಾಕೆನಿಸುವಷ್ಟು ಒಳ್ಳೆಯದು ಸಿಕ್ಕೊಡನೆ ಹುಡುಕುವುದನ್ನು ನಿಲ್ಲಿಸುತ್ತಾನೆ. ಹುಲ್ಲಿನ ಬಣವೆಯಲ್ಲಿರುವ ಸೂಜಿಗಳಲ್ಲೆಲ್ಲ ಅತಿ ಚೂಪಾದುದನ್ನು ಹುಡುಕುವುದು ಒಂದು ಕೆಲಸ. ಹೊಲಿಯಲು ಸಾಕಾಗುವ ಸೂಜಿಯೊಂದನ್ನು ಹುಡುಕುವುದು ಮತ್ತೊಂದು. ಸೈಮನ್ ಮತ್ತು ಅವನ ಸಹೋದ್ಯೋಗಿ ಮಾರ್ಚ್ 1958ರಲ್ಲಿ ಕೊಟ್ಟ ದೃಷ್ಟಾಂತವಿದು. ಸೈಮನ್ನನಿಗೆ 1978ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಕಾನೆಮನ್ನನಿಗೆ ಅದು 2002ರಲ್ಲಿ, ಥೇಲರನಿಗೆ 2017ರಲ್ಲಿ ದೊರೆಯಿತು. ಟ್ವರ್ಸ್ಕಿ 1996ರಲ್ಲಿಯೇ ತೀರಿಕೊಂಡಿದ್ದನು.

ಹೀಗೆ ನೋಡಿದರೆ ಮನಸ್ಸು ಕೆಟ್ಟ ಉಪಕರಣವಲ್ಲ. ಬೇಗ ಕೆಲಸ ಮುಗಿಸಲು ಅಡ್ಡದಾರಿ ಹಿಡಿಯುವ ಉಪಕರಣ. ಆ ದಾರಿ ಬಹು ಸಲ ಸರಿಯಾದ ಊರಿಗೇ ಮುಟ್ಟಿಸುತ್ತದೆ. ತಪ್ಪಿಸುವ ಸಂದರ್ಭಗಳಲ್ಲಿ ಮಾತ್ರ ಒಂದೇ ಕಡೆಗೆ ತಪ್ಪಿಸುತ್ತದೆ. ಒಂದೇ ಕಡೆಗೆ ತಪ್ಪಿಸುವುದರಿಂದಲೇ ಅದನ್ನು ಶಾಸ್ತ್ರೀಯವಾಗಿ ಅಭ್ಯಸಿಸಲು ಸಾಧ್ಯವಾಯಿತು, ತಿದ್ದಲೂ ಸಾಧ್ಯವಾಯಿತು.

ತಿದ್ದುಪಡಿ

ತಿದ್ದುಪಡಿಗೆ ಎರಡು ನಿದರ್ಶನಗಳನ್ನು ನೋಡೋಣ. ಸಂಬಳದಲ್ಲಿ ಉಳಿತಾಯ ಮಾಡಬೇಕೆಂದು ಎಲ್ಲರೂ ಒಪ್ಪುತ್ತಾರೆ, ಮಾಡುವವರು ಕಡಮೆ. ಇಂದಿನ ಸಂಬಳದಲ್ಲಿ ಹಿಡಿತವಾದರೆ ಅದು ನಷ್ಟವೆಂದು ತೋರುತ್ತದೆ. ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಜಿ ಒಂದು ಉಪಾಯ ಮಾಡಿದರು: ಮುಂದೆ ಸಂಬಳ ಏರಿದಾಗ ಆ ಏರಿಕೆಯ ಒಂದು ಭಾಗವನ್ನು ಉಳಿತಾಯಕ್ಕೆ ಸೇರಿಸುವುದಾಗಿ ನೌಕರರಿಂದ ಮೊದಲೇ ಒಪ್ಪಿಗೆ ಪಡೆಯುವುದು, ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. ಕೈಗೆ ಬರುವ ಹಣ ಎಂದೂ ಇಳಿಯುವುದಿಲ್ಲವಾದ್ದರಿಂದ ನಷ್ಟದ ನೋವಿಲ್ಲ. 2004ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಇದಕ್ಕೆ ಸೇರಿದವರ ಉಳಿತಾಯ 40 ತಿಂಗಳುಗಳಲ್ಲಿ ಸಂಬಳದ ಶೇಕಡಾ 3.5ರಿಂದ 13.6ಕ್ಕೆ ಏರಿತು.

ಎರಡನೆಯದು ನಮ್ಮ ದೇಶದ್ದೇ. ರಾಜಸ್ಥಾನದ ಉದಯಪುರದ ಸುತ್ತಿನ 134 ಹಳ್ಳಿಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಮಕ್ಕಳಿಗೆ ರೋಗನಿರೋಧಕ ಚುಚ್ಚುಮದ್ದು ಹಾಕಿಸುವುದನ್ನು ಕುರಿತು ಪ್ರಯೋಗ ನಡೆಸಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಿಂದಿನಂತೆಯೇ ಬಿಟ್ಟ ಹಳ್ಳಿಗಳಲ್ಲಿ ಎಲ್ಲ ಚುಚ್ಚುಮದ್ದುಗಳನ್ನೂ ಪಡೆದ ಮಕ್ಕಳು ನೂರಕ್ಕೆ 6. ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆಸಿದ ಹಳ್ಳಿಗಳಲ್ಲಿ 18. ಶಿಬಿರದ ಜೊತೆಗೆ ಪ್ರತಿ ಸಲವೂ ಒಂದು ಕಿಲೋಗ್ರಾಂ ಬೇಳೆ, ಎಲ್ಲ ಮುಗಿದ ಮೇಲೆ ಊಟದ ತಟ್ಟೆಗಳು ಎಂದು ಕೊಟ್ಟ ಹಳ್ಳಿಗಳಲ್ಲಿ 39. ತಾಯಂದಿರಿಗೆ ಮಕ್ಕಳ ಮೇಲೆ ಪ್ರೀತಿಯಿಲ್ಲದೆ ಅಲ್ಲ. ಚುಚ್ಚುಮದ್ದಿನ ಫಲ ಎಂದೋ ಮುಂದೆ, ಅದೂ ಕಣ್ಣಿಗೆ ಕಾಣದ್ದು. ಒಂದು ದಿನದ ಕೂಲಿ ಹೋಗುವುದು ಇಂದೇ. ಇಂದಿನ ತಟ್ಟೆಯಲ್ಲಿ ಚಿಕ್ಕದೊಂದು ತೂಕವನ್ನಿಟ್ಟೊಡನೆ ತಕ್ಕಡಿ ಸರಿಯಾದ ಕಡೆಗೆ ವಾಲಿತು. ಈ ಇಬ್ಬರು ವಿದ್ವಾಂಸರೂ ಮೈಕೆಲ್ ಕ್ರೀಮರ್ ಎಂಬವರೊಡನೆ 2019ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಯಾವುದನ್ನು ಓದಬೇಕು, ಹೇಗೆ ಓದಬೇಕು?

ಈ ವಿಷಯದಲ್ಲಿ ಸಾಮಾನ್ಯ ವಾಚಕರಿಗಾಗಿಯೇ ಬರೆದ ಗ್ರಂಥಗಳು ಇಂಗ್ಲಿಷಿನಲ್ಲಿ ಬೇಕಾದಷ್ಟುಂಟು. ಹೊಸಬರು ಅರ್ಥಶಾಸ್ತ್ರದ ಕಥೆಯಿಂದ ಪ್ರಾರಂಭಿಸುವುದು ಮೇಲು. ರಾಬರ್ಟ್ ಹೈಲ್‌ಬ್ರೋನರ್ 1953ರಲ್ಲಿ ಬರೆದ ‘ದ ವರ್ಲ್ಡ್‌ಲಿ ಫಿಲಾಸಫರ್ಸ್’ ಆಡಮ್ ಸ್ಮಿತ್ ಮೊದಲಾದವರ ಬಾಳನ್ನೂ ವಿಚಾರಗಳನ್ನೂ ಒಟ್ಟಿಗೆ ಹೇಳುತ್ತದೆ. ಅದಾದ ಮೇಲೆ ಥೇಲರನ ‘ಮಿಸ್‌ಬಿಹೇವಿಂಗ್’ (2015). ಆದರ್ಶ ಮಾನವನನ್ನು ನಂಬಿದ್ದ ಅರ್ಥಶಾಸ್ತ್ರಜ್ಞರೊಡನೆ ತಾನು ನಡೆಸಿದ ವಾದಗಳನ್ನು ಅವನು ಅದರಲ್ಲಿ ಹಾಸ್ಯವಾಗಿ ವರ್ಣಿಸಿದ್ದಾನೆ. ಮೂರನೆಯದಾಗಿ ಕಾನೆಮನ್ನನ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ (2011). ಇದು ದೊಡ್ಡ ಪುಸ್ತಕ. ಒಮ್ಮೆಗೆ ಒಂದು ಅಧ್ಯಾಯದಂತೆ ಓದಬೇಕು. ನಾವು ಮೇಲೆ ಹೇಳಿದ 1974ರ ಲೇಖನ ಅದರ ಅನುಬಂಧದಲ್ಲಿ ಅಚ್ಚಾಗಿದೆ. ಮೂಲ ಸಂಶೋಧನ ಲೇಖನವೊಂದನ್ನು ವಿದ್ಯಾರ್ಥಿಯೊಬ್ಬನು ಇಷ್ಟು ಸುಲಭವಾಗಿ ಓದಿ ತಿಳಿಯಬಹುದಾದ ಶಾಸ್ತ್ರಗಳು ವಿರಳ. ನಾಲ್ಕನೆಯದಾಗಿ ಬ್ಯಾನರ್ಜಿ ಮತ್ತು ಡುಫ್ಲೊ ಅವರ ‘ಪೂರ್ ಎಕನಾಮಿಕ್ಸ್’ (2011). ಬೇಳೆಯ ಪ್ರಯೋಗದ ವಿವರ ಅಲ್ಲಿದೆ.

ಓದುವಾಗ ಎರಡು ನಿಯಮಗಳನ್ನು ಪಾಲಿಸಬೇಕು. ಮೊದಲನೆಯದು: ಪ್ರಶ್ನೆ ಬಂದೊಡನೆ ಪುಸ್ತಕವನ್ನು ಮುಚ್ಚಿ ನಮ್ಮ ಉತ್ತರವನ್ನು ಬರೆದಿಟ್ಟು, ಅನಂತರ ಮುಂದಕ್ಕೆ ಓದಬೇಕು. ಉತ್ತರವನ್ನು ನೋಡಿದ ಮೇಲೆ ‘ನನಗೂ ಹಾಗೆಯೇ ತೋರಿತ್ತು’ ಎನ್ನುವುದು ಬಲು ಸುಲಭ. ಸ್ಕ್ರೂಗೇಜಿನ ಶೂನ್ಯದೋಷವನ್ನು ಅಳತೆಗೆ ಮುಂಚೆ ಗುರುತುಹಾಕಿಕೊಳ್ಳುವಂತೆ ಇದನ್ನೂ ಮುಂಚೆಯೇ ಬರೆದಿಡಬೇಕು.

ಎರಡನೆಯದು: ಅಚ್ಚಾದುದೆಲ್ಲ ಸಿದ್ಧವಾದ ಸತ್ಯವೆಂದು ತಿಳಿಯಬಾರದು, ಪ್ರಯೋಗವನ್ನು ಬೇರೆಯವರು ಪುನಃ ಮಾಡಿದಾಗ ಅದೇ ಫಲ ಬಂದಿತೆ ಎಂದು ಕೇಳಬೇಕು. 1979ರ ಪ್ರಶ್ನೆಗಳನ್ನು 19 ದೇಶಗಳಲ್ಲಿ, 13 ಭಾಷೆಗಳಲ್ಲಿ, ಸುಮಾರು 4000 ಜನರಿಗೆ ಮತ್ತೆ ಕೇಳಿದ ವರದಿ 2020ರಲ್ಲಿ ಪ್ರಕಟವಾಯಿತು. ಕೆಲವೆಡೆ ಪರಿಣಾಮ ಮೊದಲಿನದಕ್ಕಿಂತ ದುರ್ಬಲವಾಗಿದ್ದರೂ ಒಟ್ಟಿನಲ್ಲಿ ಹಳೆಯ ಫಲವೇ ಬಂದಿತು. ಆದರೆ ಕಾನೆಮನ್ನನ ಪುಸ್ತಕದ ನಾಲ್ಕನೆಯ ಅಧ್ಯಾಯದ ಸಂಗತಿ ಬೇರೆ. ಅರಿವಿಗೆ ಬಾರದ ಸೂಚನೆಗಳು ನಮ್ಮ ನಡತೆಯನ್ನು ತಿರುಗಿಸುತ್ತವೆಂದು ಅಲ್ಲಿ ಹೇಳಿರುವ ಪ್ರಯೋಗಗಳಲ್ಲಿ ಹಲವು ಬೇರೆಯವರ ಕೈಯಲ್ಲಿ ನಿಲ್ಲಲಿಲ್ಲ. ಕೆಲವೇ ಜನರ ಮೇಲೆ ನಡೆದ ಆ ಪ್ರಯೋಗಗಳನ್ನು ತಾನು ಅತಿಯಾಗಿ ನಂಬಿದೆನೆಂದು 2017ರಲ್ಲಿ ಕಾನೆಮನ್ ತಾನೇ ಒಪ್ಪಿಕೊಂಡನು. ಚಿಕ್ಕ ಸಮೂಹಗಳಿಂದ ದೊಡ್ಡ ತೀರ್ಮಾನಗಳನ್ನು ಮಾಡುವ ಪ್ರವೃತ್ತಿಯನ್ನು ಕುರಿತು ದಶಕಗಳ ಹಿಂದೆಯೇ ಎಚ್ಚರಿಸಿದ್ದವನು ಅವನೇ! ಎಂಬತ್ತು ದಾಟಿದ ವಯಸ್ಸಿನಲ್ಲಿ ಮಾಡಿದ ಈ ಒಪ್ಪಿಗೆ ವಿಜ್ಞಾನಿಯ ನಡತೆಗೆ ಒಳ್ಳೆಯ ಮಾದರಿ. ಅವನು 2024ರಲ್ಲಿ ಮೃತಪಟ್ಟನು.

ಈ ಓದಿನಿಂದ ವಿದ್ಯಾರ್ಥಿಗೆ ಪ್ರಯೋಜನವೇನೆಂದು ಕೇಳಬಹುದು. ಅವನು ಈಗಲೋ ನಾಳೆಯೋ ಕಾಲೇಜನ್ನು ಆರಿಸಬೇಕು, ಸಾಲಪತ್ರಕ್ಕೆ ಸಹಿಹಾಕಬೇಕು, ವಸ್ತುಗಳನ್ನು ಕೊಳ್ಳಬೇಕು. ಅವನೆದುರಿಗೆ ಗೆರೆ ಎಳೆದ ಹಳೆಯ ಬೆಲೆಯೊಂದನ್ನು ಮೊದಲು ತೋರಿಸುವವರು ಅಂಕದ ಲಂಗರನ್ನು ಬಲ್ಲರು. ಮೊದಲ ತಿಂಗಳು ಹಣವಿಲ್ಲದೆ ಕೊಟ್ಟು, ಬೇಡವಾದರೆ ಹಿಂದಿರುಗಿಸಿ ಎನ್ನುವವರು ಬಟ್ಟಲಿನ ಪ್ರಯೋಗವನ್ನು ಬಲ್ಲರು. ಸೋತ ಹಣವನ್ನು ಇನ್ನೊಂದೇ ಆಟದಲ್ಲಿ ಗೆಲ್ಲಬಹುದೆಂದು ಕರೆಯುವವರು ಮೂರನೆಯ ಪ್ರಶ್ನೆಯನ್ನು ಬಲ್ಲರು. ನಮ್ಮ ತಕ್ಕಡಿಯ ದೋಷವನ್ನು ಎದುರಿಗಿರುವವನು ತಿಳಿದು, ನಾವು ತಿಳಿಯದಿದ್ದರೆ ವ್ಯವಹಾರ ಸಮವಾಗಲಾರದು.

ಶೂನ್ಯದೋಷವಿದೆಯೆಂದು ಯಾವ ವಿದ್ಯಾರ್ಥಿಯೂ ಸ್ಕ್ರೂಗೇಜನ್ನು ಎಸೆದುಬಿಡುವುದಿಲ್ಲ. ಎಷ್ಟೆಂದು ನೋಡಿ, ಪುಸ್ತಕದ ಮೂಲೆಯಲ್ಲಿ ಬರೆದಿಟ್ಟುಕೊಂಡು, ಪ್ರತಿ ಅಳತೆಯಿಂದಲೂ ಅದನ್ನು ಕಳೆಯುತ್ತಾನೆ. ದೊಡ್ಡ ತೀರ್ಮಾನವೊಂದು ಎದುರಾದಾಗಲೂ ಅಷ್ಟನ್ನೇ ಮಾಡಬಹುದು: ಪ್ರಶ್ನೆಯನ್ನು ಒಮ್ಮೆ ಲಾಭದ ಮಾತಿನಲ್ಲಿ, ಇನ್ನೊಮ್ಮೆ ನಷ್ಟದ ಮಾತಿನಲ್ಲಿ ಬರೆದು ನೋಡುವುದು. ಎರಡು ಸಲವೂ ಒಂದೇ ಉತ್ತರ ಬಂದರೆ ಮುಂದುವರಿಯಬಹುದು. ಬೇರೆ ಬೇರೆ ಉತ್ತರಗಳು ಬಂದರೆ ಸಹಿ ಹಾಕುವುದನ್ನು ಒಂದು ದಿನ ಮುಂದಕ್ಕೆ ಹಾಕಿ ಇನ್ನೊಮ್ಮೆ ತೂಗಬೇಕು.